ಒರೆಗಲ್ಲಿಗೆ ಅಂಜದ ಮಾತು: ಖಂಡನಸಾಧ್ಯತೆಯ ತತ್ವ ನಡೆದುಬಂದ ದಾರಿ ಮತ್ತು ದೈವಶಾಸ್ತ್ರ

ದೈವಶಾಸ್ತ್ರದ ಮೊದಲ ವರ್ಷಕ್ಕೆ ಕಾಲಿಡುವ ಗುರುಮಠದ ವಿದ್ಯಾರ್ಥಿಗಳು ತತ್ವಶಾಸ್ತ್ರದ ತರಗತಿಗಳಿಂದ ಹಲವು ಒಳ್ಳೆಯ ಸಂಗತಿಗಳ ಜೊತೆಗೆ ಒಂದು ಅಳುಕನ್ನೂ ಹೊತ್ತು ತರುತ್ತಾರೆ. ವಿಜ್ಞಾನದ ಹೇಳಿಕೆಯನ್ನು ಪರೀಕ್ಷಿಸಬಹುದು, ಅದು ಸುಳ್ಳಾಗಿದ್ದರೆ ಸುಳ್ಳೆಂದು ತೋರಿಸಬಹುದು. ವಿಶ್ವಾಸದ ಹೇಳಿಕೆಯನ್ನು ಹಾಗೆ ಮಾಡಲಾಗದು. ಆದುದರಿಂದ ಮೊದಲನೆಯದು ಜ್ಞಾನ, ಎರಡನೆಯದು ಬರಿಯ ಅಭಿಪ್ರಾಯ. ಇದೇ ಆ ಅಳುಕು. ಇದಕ್ಕೆ ನಮ್ಮ ವಲಯದಲ್ಲಿ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ವಿಶ್ವಾಸದ ಕ್ಷೇತ್ರವೇ ಬೇರೆ, ಅಲ್ಲಿ ಪರೀಕ್ಷೆಯ ಮಾತು ಸಲ್ಲದು ಎಂಬುದು ಒಂದು. ವಿಜ್ಞಾನವೂ ಕೊನೆಗೆ ನಂಬಿಕೆಯೇ, ಆದುದರಿಂದ ಇಬ್ಬರೂ ಸಮಾನರು ಎಂಬುದು ಇನ್ನೊಂದು. ಎರಡೂ ಅವಸರದ ಉತ್ತರಗಳು. ಮೊದಲನೆಯದು ವಿಶ್ವಾಸವನ್ನು ಸತ್ಯದ ಅಂಗಳದಿಂದಲೇ ಹೊರಗೆ ಕಳುಹಿಸುತ್ತದೆ. ಎರಡನೆಯದು ನೆರೆಮನೆಯವನ ಸಾಲವನ್ನು ತೋರಿಸಿ ತನ್ನ ಸಾಲವನ್ನು ಮರೆಸುತ್ತದೆ.

ಪರೀಕ್ಷೆಗೆ ಒಳಪಡುವ ಈ ಗುಣವನ್ನು ನಾವು ಇಲ್ಲಿ ‘ಖಂಡನಸಾಧ್ಯತೆ’ ಎಂದು ಕರೆಯುತ್ತೇವೆ. ಒಂದು ಹೇಳಿಕೆ ತಾನು ಯಾವ ಸಂದರ್ಭದಲ್ಲಿ ಸುಳ್ಳಾಗುವೆನೆಂದು ಮುಂಚಿತವಾಗಿಯೇ ಒಪ್ಪಿಕೊಂಡಿದ್ದರೆ ಅದು ಖಂಡನಸಾಧ್ಯ. ಏನೇ ಸಂಭವಿಸಿದರೂ ತನಗೆ ಬಾಧೆಯಿಲ್ಲ ಎನ್ನುವುದಾದರೆ ಅಲ್ಲ. ಈ ತತ್ವ ಯಾವ ಸಂಕಟದಲ್ಲಿ ಹುಟ್ಟಿತು, ವಿಜ್ಞಾನದ ಚರಿತ್ರೆ ಅದನ್ನು ಹೇಗೆ ತಿದ್ದಿತು, ದೈವಶಾಸ್ತ್ರದ ಬಾಗಿಲಿಗೆ ಅದು ಯಾವ ರೂಪದಲ್ಲಿ ಬಂತು ಎಂಬುದನ್ನು ಅನುಕ್ರಮವಾಗಿ ನೋಡಿದರೆ, ಅದು ವಿಶ್ವಾಸದ ಶತ್ರುವಲ್ಲ, ವಿಶ್ವಾಸಿಗಳಾದ ನಮ್ಮ ಮಾತಿನ ಪ್ರಾಮಾಣಿಕತೆಗೆ ಹಿಡಿದ ಕನ್ನಡಿ ಎಂಬುದು ತಿಳಿದೀತು. ಇದು ಈ ಲೇಖನದ ಪ್ರತಿಪಾದನೆ.

1919ರ ವಿಯೆನ್ನಾ

ಮೊದಲನೆಯ ಮಹಾಯುದ್ಧದಲ್ಲಿ ಸೋತ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ 1918ರಲ್ಲಿ ಒಡೆದು ಚೂರಾಯಿತು. ರಾಜಧಾನಿಯಾಗಿದ್ದ ವಿಯೆನ್ನಾದಲ್ಲಿ ಹಸಿವು ಮತ್ತು ನಿರುದ್ಯೋಗ. ಬೀದಿಗಳಲ್ಲಿ ಕ್ರಾಂತಿಯ ಮಾತು. 1902ರ ಜುಲೈ 28ರಂದು ಆ ನಗರದಲ್ಲಿ ಜನಿಸಿದ ಕಾರ್ಲ್ ಪಾಪರ್, ಯೆಹೂದ್ಯ ಮೂಲದಿಂದ ಬಂದು ಲೂಥರನ್ ಸಭೆಯನ್ನು ಸೇರಿದ್ದ ವಕೀಲರೊಬ್ಬರ ಮಗ. ಆ ವರ್ಷದ ವಸಂತದಲ್ಲಿ ಕೆಲವು ಕಾಲ ಅವರು ತಮ್ಮನ್ನು ಕಮ್ಯುನಿಸ್ಟ್ ಎಂದೇ ಭಾವಿಸಿದ್ದರು. 1919ರ ಜೂನ್ 15ರಂದು ಹೋರ್ಲ್‌ಗಾಸೆ ಎಂಬ ಬೀದಿಯಲ್ಲಿ ಪ್ರದರ್ಶನಕಾರರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವು ಯುವಕರು ಸತ್ತರು. ಹದಿನೇಳು ವರ್ಷ ತುಂಬಲು ಇನ್ನೂ ಕೆಲವು ವಾರಗಳಿದ್ದ ಪಾಪರ್ ಇದನ್ನು ಕಂಡರು. ಅವರನ್ನು ಹೆಚ್ಚು ಕಲಕಿದ್ದು ಗುಂಡಿನ ಸದ್ದಿಗಿಂತ ಅನಂತರ ಬಂದ ಸಮರ್ಥನೆ. ಚರಿತ್ರೆಯ ನಿಯಮದಂತೆ ಕ್ರಾಂತಿ ಬಂದೇ ಬರುತ್ತದೆ, ಅದಕ್ಕೆ ಬಲಿಗಳು ಬೇಕೇ ಬೇಕು ಎಂಬ ವಾದ ಆ ಸಾವುಗಳನ್ನೂ ನುಂಗಿಕೊಂಡಿತು. ಪರೀಕ್ಷಿಸದೆ ಒಪ್ಪಿಕೊಂಡ ಸಿದ್ಧಾಂತವೊಂದಕ್ಕಾಗಿ ಇತರರ ಪ್ರಾಣವನ್ನು ಪಣಕ್ಕಿಡಲು ತಾನೂ ಸಿದ್ಧನಾಗಿದ್ದೆನಲ್ಲಾ ಎಂಬ ಲಜ್ಜೆ ಅವರನ್ನು ಬಹುಕಾಲ ಕಾಡಿತು.

ಅದೇ ವರ್ಷ ಅವರು ಮನೋವಿಜ್ಞಾನಿ ಆಲ್ಫ್ರೆಡ್ ಆಡ್ಲರ್ ಅವರ ಬಳಿ, ಬಡಮಕ್ಕಳ ನಡುವೆ, ಸೇವೆ ಮಾಡುತ್ತಿದ್ದರು. ಒಮ್ಮೆ ಮಗುವೊಂದರ ಸಂಗತಿಯನ್ನು ವಿವರಿಸಿದಾಗ, ಆಡ್ಲರ್ ಆ ಮಗುವನ್ನು ನೋಡದೆಯೇ ತಮ್ಮ ಕೀಳರಿಮೆಯ ಸಿದ್ಧಾಂತದಿಂದ ಎಲ್ಲವನ್ನೂ ಸಲೀಸಾಗಿ ವಿವರಿಸಿಬಿಟ್ಟರಂತೆ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದ್ದಕ್ಕೆ, ಇಂಥ ಸಾವಿರ ಪ್ರಕರಣಗಳ ಅನುಭವ ತಮಗಿದೆ ಎಂಬ ಉತ್ತರ ಬಂತು. ಹಾಗಾದರೆ ಈಗ ಅದು ಸಾವಿರದ ಒಂದಾಯಿತು ಎಂದು ಪಾಪರ್ ಹೇಳದೆ ಇರಲಾಗಲಿಲ್ಲ. ಪ್ರತಿಯೊಂದು ಹೊಸ ಪ್ರಕರಣವನ್ನೂ ಸಿದ್ಧಾಂತದ ಬೆಳಕಿನಲ್ಲೇ ಓದಿ, ಹಾಗೆ ಓದಿದ್ದನ್ನೇ ಸಿದ್ಧಾಂತಕ್ಕೆ ಸಾಕ್ಷಿಯಾಗಿ ಎಣಿಸಿದರೆ ಆ ಎಣಿಕೆಗೆ ಬೆಲೆ ಏನು? ನೀರಿಗೆ ಮಗುವನ್ನು ತಳ್ಳುವವನನ್ನೂ, ಅದೇ ಮಗುವನ್ನು ಉಳಿಸಲು ತಾನೇ ನೀರಿಗೆ ಹಾರುವವನನ್ನೂ ಒಂದೇ ಸಿದ್ಧಾಂತ ಸಮಾನ ಸುಲಭತೆಯಿಂದ ವಿವರಿಸುವುದಾದರೆ, ಆ ಸಿದ್ಧಾಂತ ಮನುಷ್ಯನ ಬಗ್ಗೆ ಏನನ್ನೂ ಹೇಳಿದಂತಾಗಲಿಲ್ಲ.

ಆ ವರ್ಷದ ಮೂರನೆಯ ಘಟನೆ ಆಕಾಶದಲ್ಲಿ ನಡೆಯಿತು. ಸೂರ್ಯನ ಪಕ್ಕದಿಂದ ಹಾದುಬರುವ ನಕ್ಷತ್ರದ ಬೆಳಕು 1.75 ಆರ್ಕ್ ಸೆಕೆಂಡಿನಷ್ಟು ಬಾಗಬೇಕೆಂದು ಐನ್‌ಸ್ಟೈನರ ಸಿದ್ಧಾಂತ ಹೇಳುತ್ತಿತ್ತು. ನ್ಯೂಟನ್ನರ ಲೆಕ್ಕದಿಂದ ಬರುವುದು ಅದರ ಅರ್ಧ, ಅಂದರೆ 0.87. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್ ಸೆಕೆಂಡ್. ಅಷ್ಟು ಸೂಕ್ಷ್ಮವಾದ ಅಂತರ ಅದು. 1919ರ ಮೇ 29ರ ಪೂರ್ಣ ಸೂರ್ಯಗ್ರಹಣವನ್ನು ಇಂಗ್ಲೆಂಡಿನ ಎರಡು ತಂಡಗಳು ಛಾಯಾಚಿತ್ರ ತೆಗೆದವು. ಒಂದು, ಆರ್ಥರ್ ಎಡಿಂಗ್ಟನ್ ಅವರ ನೇತೃತ್ವದಲ್ಲಿ ಆಫ್ರಿಕಾದ ಪಶ್ಚಿಮ ಕರಾವಳಿಯ ಪ್ರಿನ್ಸಿಪೆ ದ್ವೀಪದಲ್ಲಿ. ಇನ್ನೊಂದು ಬ್ರೆಜಿಲ್ಲಿನ ಸೊಬ್ರಾಲ್‌ನಲ್ಲಿ. ನವೆಂಬರ್ 6ರಂದು ಲಂಡನ್ನಿನಲ್ಲಿ ರಾಯಲ್ ಸೊಸೈಟಿ ಮತ್ತು ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಗಳ ಜಂಟಿ ಸಭೆಯಲ್ಲಿ ಫಲಿತಾಂಶ ಐನ್‌ಸ್ಟೈನರ ಪರವಾಗಿದೆಯೆಂದು ಪ್ರಕಟವಾಯಿತು.

ಪಾಪರ್ ಅವರನ್ನು ಸೆಳೆದದ್ದು ಐನ್‌ಸ್ಟೈನ್ ಗೆದ್ದರೆಂಬುದಲ್ಲ, ಸೋಲಬಹುದಾಗಿತ್ತು ಎಂಬುದು. ಗುರುತ್ವದಿಂದ ವರ್ಣರೇಖೆಗಳು ಕೆಂಪಿನ ಕಡೆಗೆ ಸರಿಯದೆ ಹೋದರೆ ತಮ್ಮ ಸಿದ್ಧಾಂತ ನಿಲ್ಲಲಾರದು ಎಂದು ಐನ್‌ಸ್ಟೈನರೇ ಬರೆದಿದ್ದರು. ತನ್ನ ಮಾತು ಎಲ್ಲಿ ಮುರಿಯಬಹುದು ಎಂಬುದನ್ನು ತಾನೇ ಬೆರಳಿಟ್ಟು ತೋರಿಸುವ ಈ ನಡೆಯಲ್ಲಿ ಪಾಪರ್ ವಿಜ್ಞಾನದ ಲಕ್ಷಣವನ್ನು ಕಂಡರು. ಆದುದರಿಂದ ಖಂಡನಸಾಧ್ಯತೆ ಮೊದಲು ಹುಟ್ಟಿದ್ದು ತರ್ಕದ ಸೂತ್ರವಾಗಿ ಅಲ್ಲ. ಎಲ್ಲವನ್ನೂ ವಿವರಿಸಿಬಿಡುವ ಮಾತುಗಳ ನಡುವೆ ಹೆಣಗಳನ್ನು ಕಂಡ ಹುಡುಗನೊಬ್ಬನ ಮನಸ್ಸಾಕ್ಷಿಯ ಪ್ರಶ್ನೆಯಾಗಿ ಅದು ಹುಟ್ಟಿತು.

ಗಡಿಕಲ್ಲು, ಅರ್ಥದ ಅಳತೆಗೋಲಲ್ಲ

ಈ ಚಿಂತನೆ ‘ಲೋಗಿಕ್ ಡೆರ್ ಫೋರ್ಶುಂಗ್’ ಎಂಬ ಗ್ರಂಥವಾಗಿ 1934ರ ಕೊನೆಯಲ್ಲಿ ವಿಯೆನ್ನಾದಲ್ಲಿ ಪ್ರಕಟವಾಯಿತು. ಇಂಗ್ಲಿಷ್ ರೂಪ ಬಂದದ್ದು 1959ರಲ್ಲಿ. ಅದರ ತಾರ್ಕಿಕ ಬುನಾದಿ ಸರಳ. ಕಾಗೆಗಳೆಲ್ಲ ಕಪ್ಪು ಎಂಬ ಮಾತನ್ನು ಎಷ್ಟು ಸಾವಿರ ಕಪ್ಪು ಕಾಗೆಗಳನ್ನು ಎಣಿಸಿದರೂ ಸಾಧಿಸಿ ಮುಗಿಸಲಾಗದು. ಒಂದೇ ಒಂದು ಬಿಳಿ ಕಾಗೆ ಅದನ್ನು ಕೆಡವಬಲ್ಲದು. ಸಾಧನೆ ಮತ್ತು ಖಂಡನೆಗಳ ನಡುವಣ ಈ ಅಸಮತೆಯ ಮೇಲೆ ಪಾಪರ್ ತಮ್ಮ ಕಟ್ಟಡವನ್ನು ಎಬ್ಬಿಸಿದರು.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪುವ ಒಂದು ತಿರುವಿದೆ. ಆಗ ವಿಯೆನ್ನಾದಲ್ಲಿ ಮೋರಿಟ್ಸ್ ಶ್ಲಿಕ್ ಅವರ ಸುತ್ತ ಸೇರಿದ್ದ ‘ವಿಯೆನ್ನಾ ಮಂಡಲ’ದ ತಾತ್ವಿಕರು, ಅನುಭವದಿಂದ ತಾಳೆ ನೋಡಲಾಗದ ಮಾತಿಗೆ ಅರ್ಥವೇ ಇಲ್ಲ ಎಂದು ಸಾರುತ್ತಿದ್ದರು. 1936ರಲ್ಲಿ ಎ. ಜೆ. ಏಯರ್ ಈ ವಾದವನ್ನು ಇಂಗ್ಲಿಷಿನಲ್ಲಿ ಜನಪ್ರಿಯಗೊಳಿಸಿದರು. ಅದರ ಪ್ರಕಾರ ‘ದೇವರಿದ್ದಾರೆ’ ಎಂಬುದು ಸುಳ್ಳೂ ಅಲ್ಲ, ನಿಜವೂ ಅಲ್ಲ, ಬರಿಯ ಶಬ್ದ. ಪಾಪರ್ ಈ ಮಂಡಲದ ಸದಸ್ಯರಾಗಿರಲಿಲ್ಲ, ವಿಮರ್ಶಕರಾಗಿದ್ದರು. ಅವರು ನೆಟ್ಟದ್ದು ವಿಜ್ಞಾನಕ್ಕೂ ವಿಜ್ಞಾನವಲ್ಲದ್ದಕ್ಕೂ ನಡುವಿನ ಗಡಿಕಲ್ಲು. ಗಡಿಯ ಆಚೆಗಿರುವುದೆಲ್ಲ ಅರ್ಥಹೀನವೆಂದು ಅವರು ಹೇಳಲಿಲ್ಲ. ಪರಮಾಣುವಿನ ಕಲ್ಪನೆ ಶತಮಾನಗಳ ಕಾಲ ಪರೀಕ್ಷೆಗೆ ನಿಲುಕದ ತತ್ವಚಿಂತನೆಯಾಗಿಯೇ ಬದುಕಿತ್ತು. ಅದಿಲ್ಲದೆ ಮುಂದಿನ ಭೌತವಿಜ್ಞಾನವೂ ಇರುತ್ತಿರಲಿಲ್ಲ. ಪಾಪರ್ ಅವರ ಹೆಸರನ್ನು ಹಿಡಿದು ದೈವಶಾಸ್ತ್ರ ಅರ್ಥಹೀನವೆನ್ನುವವರು ಏಯರ್ ಅವರ ಮಾತನ್ನು ಪಾಪರ್ ಅವರ ಬಾಯಿಗೆ ಹಾಕುತ್ತಿದ್ದಾರೆ.

ತಮ್ಮ ಅಳತೆಗೋಲನ್ನು ತಮಗೂ ಅನ್ವಯಿಸಿಕೊಂಡರೆಂಬುದು ಪಾಪರ್ ಅವರ ಗೌರವವನ್ನು ಹೆಚ್ಚಿಸುತ್ತದೆ. ಡಾರ್ವಿನ್ನರ ನೈಸರ್ಗಿಕ ಆಯ್ಕೆಯ ಸಿದ್ಧಾಂತ ಪರೀಕ್ಷೆಗೆ ಸಿಗದ ತತ್ವಚಿಂತನೆಯ ಕಾರ್ಯಕ್ರಮವೆಂದು ಅವರು ಬರೆದಿದ್ದರು. 1977ರಲ್ಲಿ ಕೇಂಬ್ರಿಜಿನಲ್ಲಿ ನೀಡಿದ ಉಪನ್ಯಾಸದಲ್ಲಿ ಆ ಅಭಿಪ್ರಾಯವನ್ನು ಬದಲಾಯಿಸಿರುವುದಾಗಿ ಬಹಿರಂಗವಾಗಿ ಹೇಳಿದರು. ಸೃಷ್ಟಿಯ ಬಗ್ಗೆ ಮಾತನಾಡುವ ಕೆಲವು ಕ್ರೈಸ್ತ ಬೋಧಕರು ಅವರ ಹಳೆಯ ಮಾತನ್ನಷ್ಟೇ ಇಂದಿಗೂ ಎತ್ತಿ ಆಡುವುದು ಪ್ರಾಮಾಣಿಕತೆಯಲ್ಲ.

ಒಂದು ಪ್ರಯೋಗ, ಹಲವು ಊಹೆಗಳು

ಬಿಳಿ ಕಾಗೆಯೊಂದನ್ನು ಕಂಡೊಡನೆ ವಿಜ್ಞಾನಿಗಳು ಸಿದ್ಧಾಂತವನ್ನು ಬಿಟ್ಟುಬಿಡುತ್ತಾರೆಯೇ? ಚರಿತ್ರೆ ಇಲ್ಲವೆನ್ನುತ್ತದೆ. ಈ ತೊಡಕನ್ನು ಪಾಪರ್ ಅವರಿಗಿಂತ ಮುಂಚೆಯೇ ಸ್ಪಷ್ಟವಾಗಿ ಕಂಡವರು ಪಿಯೆರ್ ಡ್ಯುಯೆಂ. 1861ರಲ್ಲಿ ಜನಿಸಿ 1916ರಲ್ಲಿ ನಿಧನರಾದ ಇವರು ಬೋರ್ಡೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ, ಜೊತೆಗೆ ಶ್ರದ್ಧಾವಂತ ಕಥೋಲಿಕ ಗೃಹಸ್ಥ. 1906ರ ತಮ್ಮ ಗ್ರಂಥದಲ್ಲಿ ಅವರು ತೋರಿಸಿಕೊಟ್ಟದ್ದು ಇಷ್ಟು: ಪ್ರಯೋಗ ಯಾವಾಗಲೂ ಊಹೆಗಳ ಒಂದು ಕಟ್ಟನ್ನೇ ಪರೀಕ್ಷಿಸುತ್ತದೆ, ಒಂಟಿ ಊಹೆಯನ್ನಲ್ಲ. ಫಲಿತಾಂಶ ತಪ್ಪಾದಾಗ ಕಟ್ಟಿನಲ್ಲಿ ಎಲ್ಲೋ ದೋಷವಿದೆಯೆಂದು ತಿಳಿಯುತ್ತದೆ. ಎಲ್ಲಿ ಎಂದು ಪ್ರಯೋಗ ಹೇಳುವುದಿಲ್ಲ. ಕೆಟ್ಟ ಗಡಿಯಾರವನ್ನು ರಿಪೇರಿಯವನು ಬಿಚ್ಚಿ ಒಂದೊಂದೇ ಚಕ್ರವನ್ನು ನೋಡಬಲ್ಲ; ವೈದ್ಯನು ರೋಗಿಯನ್ನು ಹಾಗೆ ಬಿಚ್ಚಲಾರ, ಇಡೀ ದೇಹದ ಲಕ್ಷಣಗಳಿಂದಲೇ ಊಹಿಸಬೇಕು. ಭೌತವಿಜ್ಞಾನಿಯ ಸ್ಥಿತಿ ವೈದ್ಯನದು ಎಂದು ಡ್ಯುಯೆಂ ಹೋಲಿಸಿದರು. ಹಳೆಯ ಊಹೆಯನ್ನು ಯಾವಾಗ ಕೈಬಿಡಬೇಕೆಂಬುದನ್ನು ತರ್ಕ ಒಂದೇ ನಿರ್ಧರಿಸಲಾರದು. ಅದಕ್ಕೆ ಸದ್ವಿವೇಕ ಬೇಕು ಎಂದರು.

ಎರಡು ಗ್ರಹಗಳ ಕಥೆ ಇದನ್ನು ವಿಶದಪಡಿಸುತ್ತದೆ. ಯುರೇನಸ್ ಗ್ರಹ ನ್ಯೂಟನ್ನರ ಲೆಕ್ಕದಂತೆ ಚಲಿಸುತ್ತಿರಲಿಲ್ಲ. ಖಗೋಳವಿಜ್ಞಾನಿಗಳು ನ್ಯೂಟನ್ನರನ್ನು ಬಿಡದೆ, ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿರಬೇಕೆಂದು ಊಹಿಸಿದರು. ಫ್ರಾನ್ಸಿನ ಲೆವೆರಿಯೇ ಅದರ ಸ್ಥಾನವನ್ನು ಗಣಿಸಿ ತಿಳಿಸಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕವನ್ನು ತಿರುಗಿಸಿದಾಗ, ಹೇಳಿದ ಸ್ಥಾನದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಬುಧಗ್ರಹದ ಚಲನೆಯಲ್ಲೂ ಚಿಕ್ಕದೊಂದು ವ್ಯತ್ಯಾಸವಿತ್ತು. 1859ರಲ್ಲಿ ಅದೇ ಲೆವೆರಿಯೇ ಅದೇ ಬಗೆಯ ಪರಿಹಾರವನ್ನು ಸೂಚಿಸಿದರು: ಸೂರ್ಯನ ಸಮೀಪದಲ್ಲಿ ಇನ್ನೂ ಕಾಣದ ದ್ರವ್ಯರಾಶಿಯೊಂದಿರಬೇಕು. ಅದಕ್ಕೆ ‘ವಲ್ಕನ್’ ಎಂಬ ಹೆಸರೂ ಬಂತು, ದಶಕಗಳ ಕಾಲ ಹುಡುಕಿದರು, ಸಿಗಲಿಲ್ಲ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ಹೊಸ ಸಿದ್ಧಾಂತದಿಂದ, ಶತಮಾನಕ್ಕೆ 43 ಆರ್ಕ್ ಸೆಕೆಂಡಿನ ಆ ವ್ಯತ್ಯಾಸವನ್ನು ವಿವರಿಸಿದರು. ಇಲ್ಲಿ ದೋಷವಿದ್ದದ್ದು ನ್ಯೂಟನ್ನರ ನಿಯಮದಲ್ಲೇ. ಒಬ್ಬನೇ ವಿದ್ವಾಂಸ, ಒಂದೇ ಯುಕ್ತಿ. ಒಮ್ಮೆ ಅದು ದಾರಿ ತೋರಿತು, ಇನ್ನೊಮ್ಮೆ ದಾರಿ ತಪ್ಪಿಸಿತು. ಯಾವುದು ಯಾವುದೆಂದು ಆರಂಭದಲ್ಲೇ ಹೇಳುವ ಸೂತ್ರ ಯಾರ ಬಳಿಯೂ ಇರಲಿಲ್ಲ. ಆದರೂ ಎರಡು ಸಲವೂ ಲೆವೆರಿಯೇ ಮಾಡಿದ ಒಂದು ಕೆಲಸ ಗಮನಾರ್ಹ: ಎಲ್ಲಿ ನೋಡಬೇಕೆಂದು ಅವರು ಹೇಳಿದರು. ಅವರ ಊಹೆ ಬಚ್ಚಿಟ್ಟುಕೊಳ್ಳಲಿಲ್ಲ.

1919ರ ಗ್ರಹಣದ ಫಲಿತಾಂಶವೂ ಮೇಲ್ನೋಟಕ್ಕೆ ಕಂಡಷ್ಟು ನೇರವಾಗಿರಲಿಲ್ಲ. ಪ್ರಿನ್ಸಿಪೆಯಲ್ಲಿ ಮೋಡ ಕವಿದು ಕೆಲವೇ ಫಲಕಗಳು ಉಪಯೋಗಕ್ಕೆ ಬಂದವು, ಅವುಗಳಿಂದ 1.61 ಬಂತು. ಸೊಬ್ರಾಲ್‌ನ ಒಂದು ದೂರದರ್ಶಕದಿಂದ 1.98, ಇನ್ನೊಂದರ ಅಳತೆ ನ್ಯೂಟನ್ನರ ಲೆಕ್ಕಕ್ಕೇ ಹತ್ತಿರವಿತ್ತು. ಬಿಸಿಲಿನ ತಾಪಕ್ಕೆ ಅದರ ಫೋಕಸ್ ಕೆಟ್ಟಿತ್ತೆಂಬ ಕಾರಣದಿಂದ ಅದಕ್ಕೆ ಬೆಲೆ ಕೊಡಲಿಲ್ಲ. 1979ರಲ್ಲಿ ಅದೇ ಫಲಕಗಳನ್ನು ಆಧುನಿಕ ಉಪಕರಣದಿಂದ ಮತ್ತೆ ಅಳೆದಾಗ ಆ ತೀರ್ಮಾನ ಸರಿಯೆಂದೇ ಕಂಡುಬಂತು. ಆದರೆ ಅಂದು ಅದು ವಿವೇಕದ ತೀರ್ಮಾನವಾಗಿತ್ತು, ಯಂತ್ರದ ತೀರ್ಪಲ್ಲ. 1962ರಲ್ಲಿ ಥಾಮಸ್ ಕೂನ್, ಅವರ ಹಿಂದೆಯೇ ಇಮ್ರೆ ಲಾಕಟೋಸ್, ಈ ಬಗೆಯ ಉದಾಹರಣೆಗಳನ್ನು ಕಲೆಹಾಕಿ ಪಾಪರ್ ಅವರ ಚಿತ್ರವನ್ನು ತಿದ್ದಿದರು. ಲಾಕಟೋಸ್ ಪ್ರಕಾರ ಪರೀಕ್ಷೆಗೊಳಗಾಗುವುದು ಬಿಡಿ ಹೇಳಿಕೆಯಲ್ಲ, ಕಾಲದಲ್ಲಿ ಸಾಗುವ ಸಂಶೋಧನಾ ಕಾರ್ಯಕ್ರಮ. ತನ್ನ ಒಳತಿರುಳನ್ನು ಉಳಿಸಿಕೊಳ್ಳಲು ಮಾಡುವ ಪ್ರತಿಯೊಂದು ತಿದ್ದುಪಡಿಯೂ ಹೊಸ ಸತ್ಯವೊಂದನ್ನು ಕಾಣಿಸುತ್ತಿದ್ದರೆ ಅದು ಬೆಳೆಯುತ್ತಿದೆ. ತಿದ್ದುಪಡಿಗಳು ಬರಿಯ ತಪ್ಪಿಸಿಕೊಳ್ಳುವ ದಾರಿಗಳಾದರೆ ಅದು ಕೊಳೆಯುತ್ತಿದೆ.

ಆಕ್ಸ್‌ಫರ್ಡಿನ ತೋಟಗಾರ

ದೈವಶಾಸ್ತ್ರಕ್ಕೆ ನೇರ ಸವಾಲು ಬಂದದ್ದು ಆಕ್ಸ್‌ಫರ್ಡಿನಿಂದ. ಅಲ್ಲಿ ಕ್ರೈಸ್ತರೂ ಕ್ರೈಸ್ತರಲ್ಲದವರೂ ಕೂಡಿ ವಾದಿಸುತ್ತಿದ್ದ ಸಾಕ್ರಟಿಕ್ ಕ್ಲಬ್ ಎಂಬ ಕೂಟವೊಂದಿತ್ತು, ಸಿ. ಎಸ್. ಲೂಯಿಸ್ ಅದರ ಅಧ್ಯಕ್ಷರಾಗಿದ್ದರು. ಮೆಥಡಿಸ್ಟ್ ಬೋಧಕರೊಬ್ಬರ ಮಗನಾದ ಯುವ ತಾತ್ವಿಕ ಆಂಟನಿ ಫ್ಲೂ ಅಲ್ಲಿ ಓದಿದ ಪುಟ್ಟ ಪ್ರಬಂಧ 1950ರಲ್ಲಿ ಅಚ್ಚಾಯಿತು. 1955ರ ಸಂಕಲನವೊಂದರಲ್ಲಿ ಸೇರಿ ಲೋಕಪ್ರಸಿದ್ಧವಾಯಿತು. ಜಾನ್ ವಿಸ್ಡಮ್ 1944ರಲ್ಲಿ ಹೇಳಿದ್ದ ದೃಷ್ಟಾಂತವೊಂದನ್ನು ಫ್ಲೂ ತಮ್ಮ ಕೆಲಸಕ್ಕೆ ಬದಲಾಯಿಸಿಕೊಂಡರು. ಕಾಡಿನ ನಡುವೆ ಹೂಗಳೂ ಕಳೆಗಳೂ ಬೆಳೆದ ಬಯಲೊಂದನ್ನು ಇಬ್ಬರು ಕಾಣುತ್ತಾರೆ. ತೋಟಗಾರನೊಬ್ಬ ಇದ್ದಾನೆ ಎನ್ನುತ್ತಾನೆ ಒಬ್ಬ. ಕಾವಲು ಕೂರುತ್ತಾರೆ, ಯಾರೂ ಬರುವುದಿಲ್ಲ. ಕಾಣದ ತೋಟಗಾರನಿರಬೇಕು ಎನ್ನುತ್ತಾನೆ. ವಿದ್ಯುತ್ ತಂತಿಯ ಬೇಲಿ ಹಾಕಿ ನಾಯಿಗಳನ್ನು ಬಿಟ್ಟರೂ ಸುಳಿವಿಲ್ಲ. ಮುಟ್ಟಲಾಗದವನು, ವಾಸನೆಯಿಲ್ಲದವನು, ಸದ್ದು ಮಾಡದವನು ಎಂದು ವಿಶೇಷಣಗಳು ಬೆಳೆಯುತ್ತವೆ. ಇಂಥ ತೋಟಗಾರನಿಗೂ ಇಲ್ಲದ ತೋಟಗಾರನಿಗೂ ಏನು ವ್ಯತ್ಯಾಸವೆಂದು ಇನ್ನೊಬ್ಬ ಕೇಳುತ್ತಾನೆ.

ಇಷ್ಟಕ್ಕೇ ನಿಂತಿದ್ದರೆ ಇದು ಬುದ್ಧಿಯ ಆಟವಾಗುತ್ತಿತ್ತು. ಆದರೆ ಫ್ಲೂ ಮುಂದೆ ಒಂದು ಮಗುವನ್ನು ತಂದರು. ದೇವರು ತಂದೆಯಂತೆ ನಮ್ಮನ್ನು ಪ್ರೀತಿಸುತ್ತಾರೆಂದು ನಾವು ಹೇಳುತ್ತೇವೆ. ಗಂಟಲಿನ ಕ್ಯಾನ್ಸರಿನಿಂದ ಮಗುವೊಂದು ಸಾಯುತ್ತಿದೆ. ಲೋಕದ ತಂದೆ ಕಂಗಾಲಾಗಿ ಓಡಾಡುತ್ತಿದ್ದಾನೆ. ಸ್ವರ್ಗದ ತಂದೆಯಿಂದ ಕಾಣುವಂಥ ಸಹಾಯವಿಲ್ಲ. ಆಗ ನಾವು, ದೇವರ ಪ್ರೀತಿ ಮನುಷ್ಯರ ಪ್ರೀತಿಯಂಥದಲ್ಲ ಎಂದು ಒಂದು ಷರತ್ತನ್ನು ಸೇರಿಸುತ್ತೇವೆ, ಮುಂದೆ ಇನ್ನೊಂದನ್ನು. ಷರತ್ತುಗಳು ಸಾವಿರವಾದಾಗ ಮೂಲದ ಮಾತು ಉಸಿರುಗಟ್ಟಿ ಸತ್ತಿರುತ್ತದೆ ಎಂಬುದು ಫ್ಲೂ ಅವರ ಆರೋಪ. ಏನು ಸಂಭವಿಸಿದರೆ ದೇವರು ಪ್ರೀತಿಸುವುದಿಲ್ಲವೆಂದು ನೀವು ಒಪ್ಪುವಿರಿ ಎಂಬುದು ಅವರ ಪ್ರಶ್ನೆ.

ಆ ಚರ್ಚೆಯಲ್ಲಿ ಇಬ್ಬರು ಉತ್ತರಿಸಿದರು. ಧಾರ್ಮಿಕ ಮಾತು ಹೇಳಿಕೆಯೇ ಅಲ್ಲ, ಲೋಕವನ್ನು ನೋಡುವ ಮೂಲಭೂತ ದೃಷ್ಟಿ ಎಂದರು ಆರ್. ಎಂ. ಹೇರ್. ಈ ದಾರಿ ಖಂಡನೆಯಿಂದ ತಪ್ಪಿಸುತ್ತದೆ ನಿಜ. ಆದರೆ ಸತ್ಯದಿಂದಲೂ ತಪ್ಪಿಸುತ್ತದೆ. ಬೇಸಿಲ್ ಮಿಚೆಲ್ ಅವರದು ಬೇರೆ ದಾರಿ. ಶತ್ರುಗಳ ವಶದಲ್ಲಿರುವ ದೇಶದಲ್ಲಿ ಪ್ರತಿರೋಧ ಹೋರಾಟಗಾರನೊಬ್ಬ ಒಂದು ರಾತ್ರಿ ಅಪರಿಚಿತನೊಬ್ಬನನ್ನು ಭೇಟಿಯಾಗುತ್ತಾನೆ. ತಾನು ನಿಮ್ಮ ಪಕ್ಷದವನು, ಏನೇ ಆದರೂ ತನ್ನನ್ನು ನಂಬು ಎನ್ನುತ್ತಾನೆ ಆತ. ಮುಂದೆ ಆತ ಕೆಲವೊಮ್ಮೆ ಸಹಾಯ ಮಾಡುತ್ತಿರುವುದು ಕಾಣುತ್ತದೆ. ಕೆಲವೊಮ್ಮೆ ಶತ್ರುಗಳ ಪೊಲೀಸ್ ವೇಷದಲ್ಲಿ ದೇಶಭಕ್ತರನ್ನು ಹಿಡಿದೊಪ್ಪಿಸುತ್ತಿರುವುದೂ ಕಾಣುತ್ತದೆ. ಹೋರಾಟಗಾರ ನಂಬಿಕೆಯನ್ನು ಬಿಡುವುದಿಲ್ಲ. ಆದರೆ ತಾನು ಕಂಡದ್ದು ಆ ನಂಬಿಕೆಗೆ ವಿರುದ್ಧವಾಗಿಲ್ಲ ಎಂದೂ ನಟಿಸುವುದಿಲ್ಲ. ವಿಶ್ವಾಸಿಯ ಪಾಲಿಗೆ ನೋವು ನಿಜವಾದ ಎದುರುಸಾಕ್ಷಿ. ಅದು ಅಂತಿಮ ಸಾಕ್ಷಿಯಲ್ಲ, ಅಷ್ಟೆ. ಎದುರುಸಾಕ್ಷಿಯ ಭಾರವನ್ನು ಅನುಭವಿಸದವನ ವಿಶ್ವಾಸ ಪೊಳ್ಳು ಸೂತ್ರವಾಗಿ ಜಾರುವ ಅಪಾಯ ಸದಾ ಇದೆಯೆಂದು ಮಿಚೆಲ್ ಎಚ್ಚರಿಸಿದರು.

ಫ್ಲೂ 2004ರಲ್ಲಿ ತಾವು ಒಂದು ಬಗೆಯ ದೇವರನ್ನು ಒಪ್ಪುವುದಾಗಿ ತಿಳಿಸಿದರು; ಅದು ಕ್ರೈಸ್ತ ವಿಶ್ವಾಸವಾಗಿರಲಿಲ್ಲ. 2010ರಲ್ಲಿ ಅವರು ನಿಧನರಾದರು. ಆ ಬದಲಾವಣೆಯನ್ನು ವಿಜಯಪತಾಕೆಯಂತೆ ಹಿಡಿಯುವುದು ನಮಗೆ ಶೋಭಿಸದು. ಅವರು ಮನಸ್ಸು ಬದಲಾಯಿಸಿದ ಮಾತ್ರಕ್ಕೆ ಆ ಮಗುವಿನ ಪ್ರಶ್ನೆಗೆ ಉತ್ತರ ಸಿಕ್ಕಂತಾಗಲಿಲ್ಲ.

ಪವಿತ್ರ ಗ್ರಂಥದ ಒರೆಗಲ್ಲು

ಫ್ಲೂ ಅವರ ಪ್ರಶ್ನೆ ಹೊರಗಿನಿಂದ ಬಂದ ಆಕ್ರಮಣವೆಂದು ನಾವು ಭಾವಿಸುವುದುಂಟು. ಆದರೆ ಪವಿತ್ರ ಗ್ರಂಥದ ಒಳಗೇ ಅದಕ್ಕಿಂತ ಕಠಿಣವಾದ ಒರೆಗಲ್ಲುಗಳಿವೆ. ಸರ್ವೇಶ್ವರರ ಹೆಸರಿನಲ್ಲಿ ಪ್ರವಾದಿಯೊಬ್ಬನು ನುಡಿದದ್ದು ನೆರವೇರದಿದ್ದರೆ ಅದು ಅವರ ವಾಕ್ಯವಲ್ಲ ಎಂದು ಧರ್ಮೋಪದೇಶಕಾಂಡ (18:22) ಕಟ್ಟಳೆ ವಿಧಿಸುತ್ತದೆ. ಬಾಬಿಲೋನಿಯದ ನೊಗ ಎರಡು ವರ್ಷಗಳೊಳಗೆ ಮುರಿಯುವುದೆಂದು ಹನನ್ಯನು ಜನರು ಬಯಸಿದ್ದನ್ನೇ ನುಡಿದಾಗ, ಯೆರೆಮೀಯನು ಹಾಗೇ ಆಗಲೆಂದು ಹಾರೈಸಿ, ಶಾಂತಿಯನ್ನು ನುಡಿಯುವ ಪ್ರವಾದಿಯ ಸತ್ಯ ಆ ಮಾತು ನೆರವೇರಿದಾಗಲೇ ತಿಳಿಯುವುದೆಂದು ಹೇಳುತ್ತಾನೆ (ಯೆರೆಮೀಯ 28). ಪ್ರವಾದನೆ ಕಾಲದ ಪರೀಕ್ಷೆಗೆ ತನ್ನನ್ನು ಒಡ್ಡಿಕೊಂಡಿತ್ತು. ಈ ಕಟ್ಟಳೆಯನ್ನೂ ಯಂತ್ರದಂತೆ ತಿರುಗಿಸಲಾಗದು: ನಿನೆವೆಗೆ ನಾಶ ಬರುವುದೆಂಬ ಯೋನನ ಮಾತು ನೆರವೇರಲಿಲ್ಲ, ಆದರೆ ಹುಸಿಯಾದದ್ದು ದೇವರ ವಾಕ್ಯವಲ್ಲ, ಗೆದ್ದದ್ದು ಅವರ ಕರುಣೆ. ಡ್ಯುಯೆಂ ಕೇಳಿದ ಸದ್ವಿವೇಕ ಇಲ್ಲಿಯೂ ಬೇಕು.

ಯೋಬನ ಗ್ರಂಥವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಯೋಬನ ಗೆಳೆಯರ ಬಳಿ ಎಂದೂ ಸೋಲದ ಸಿದ್ಧಾಂತವೊಂದಿದೆ: ನೋವುಣ್ಣುವವನು ಪಾಪಿ. ಯೋಬನು ನೀತಿವಂತನಾಗಿ ಕಂಡರೆ ಅವನ ಪಾಪ ಗುಪ್ತವಾದದ್ದು. ಅವನು ನಿರಾಕರಿಸಿದರೆ ಆ ನಿರಾಕರಣೆಯೇ ಹೊಸ ಪಾಪ. ಆಡ್ಲರ್ ಅವರ ಸಾವಿರದ ಒಂದನೆಯ ಪ್ರಕರಣದಂತೆ ಯೋಬನ ಹುಣ್ಣುಗಳೂ ಸಿದ್ಧಾಂತಕ್ಕೆ ಸಾಕ್ಷಿಯಾಗುತ್ತವೆ. ಕೊನೆಯಲ್ಲಿ ಸರ್ವೇಶ್ವರರು ತಮ್ಮ ಪರವಾಗಿ ವಾದಿಸಿದ ಈ ಗೆಳೆಯರ ಮೇಲೆಯೇ ಕೋಪಗೊಂಡು, ತಮ್ಮೊಡನೆ ವ್ಯಾಜ್ಯ ಹೂಡಿದ ಯೋಬನು ಸರಿಯಾದುದನ್ನು ನುಡಿದನೆಂದು ತೀರ್ಪು ಕೊಡುತ್ತಾರೆ (42:7). ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿಯೂ ಅದೇ ಹಳೆಯ ಸಿದ್ಧಾಂತವನ್ನು ತಳ್ಳಿಹಾಕಿದರು (ಯೊವಾನ್ನ 9).

ಎಲ್ಲಕ್ಕಿಂತ ದಿಟ್ಟವಾದ ಮಾತು ಸಂತ ಪೌಲರದು. ಕ್ರಿಸ್ತರು ಪುನರುತ್ಥಾನ ಹೊಂದದಿದ್ದರೆ ನಮ್ಮ ಪ್ರಬೋಧನೆ ವ್ಯರ್ಥ, ನಿಮ್ಮ ವಿಶ್ವಾಸ ವ್ಯರ್ಥ, ನಾವು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿಗಳು ಎಂದು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಅವರು ಬರೆಯುತ್ತಾರೆ. ಐನೂರಕ್ಕೂ ಹೆಚ್ಚು ಸಹೋದರರಿಗೆ ಪ್ರಭು ಕಾಣಿಸಿಕೊಂಡರೆಂದು ಹೇಳಿ, ಅವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆಂದು ಸೇರಿಸುತ್ತಾರೆ. ಹೋಗಿ ಕೇಳಬಹುದು ಎಂಬ ಧ್ವನಿ ಅಲ್ಲಿದೆ. ತನ್ನ ಮಾತು ಎಲ್ಲಿ ಮುರಿಯುವುದೆಂದು ಪೌಲರು ಬೆರಳಿಟ್ಟು ತೋರಿಸಿದರು. ನಮ್ಮ ವಿಶ್ವಾಸಪ್ರಮಾಣದಲ್ಲಿ ಪೊಂತಿಯ ಪಿಲಾತನ ಹೆಸರಿರುವುದೂ ಇದೇ ಕಾರಣಕ್ಕೆ: ವಿಶ್ವಾಸ ಚರಿತ್ರೆಯೊಳಗೆ ಬೇರುಬಿಟ್ಟಿದೆ, ಚರಿತ್ರೆಯೊಳಗಿರುವುದಕ್ಕೆ ಅಪಾಯ ತಪ್ಪಿದ್ದಲ್ಲ.

ಧರ್ಮಸಭೆ ಕಲಿತ ಪಾಠ

ನಮ್ಮ ವ್ಯಾಖ್ಯಾನಗಳು ತಿದ್ದುಪಡಿಗೆ ತೆರೆದಿರಬೇಕೆಂಬುದು ಧರ್ಮಸಭೆಗೆ ತಿಳಿಯದ ವಿಷಯವಲ್ಲ. 1615ರ ಏಪ್ರಿಲ್ 12ರಂದು ಕಾರ್ಡಿನಲ್ ಬೆಲ್ಲಾರ್ಮಿನ್ ಅವರು ಫೋಸ್ಕಾರಿನಿ ಎಂಬ ಕಾರ್ಮೆಲ್ ಸಭೆಯ ಗುರುಗಳಿಗೆ ಬರೆದ ಪತ್ರದಲ್ಲಿ, ಸೂರ್ಯ ಕೇಂದ್ರದಲ್ಲಿದ್ದು ಭೂಮಿ ಸುತ್ತುತ್ತದೆ ಎಂಬುದಕ್ಕೆ ನಿಜವಾದ ಪ್ರಮಾಣ ದೊರೆತರೆ, ಅದಕ್ಕೆ ವಿರುದ್ಧವಾಗಿ ತೋರುವ ಪವಿತ್ರ ಗ್ರಂಥದ ವಚನಗಳು ನಮಗೆ ಅರ್ಥವಾಗಿಲ್ಲ ಎಂದಾದರೂ ಹೇಳಬೇಕು, ಪ್ರಮಾಣಿತವಾದುದನ್ನು ಸುಳ್ಳೆನ್ನಬಾರದು ಎಂಬ ನಿಯಮವನ್ನು ಒಪ್ಪಿದ್ದರು. ಅಂಥ ಪ್ರಮಾಣ ದೊರೆಯುವುದೆಂದು ಅವರು ನಂಬಿರಲಿಲ್ಲ. ನಿಯಮ ಸರಿಯಾಗಿತ್ತು, ಅದರಂತೆ ಕಾದು ನೋಡುವ ತಾಳ್ಮೆ ಮಾತ್ರ ಉಳಿಯಲಿಲ್ಲ. 1633ರಲ್ಲಿ ಗೆಲಿಲಿಯೋ ಅವರಿಗೆ ಶಿಕ್ಷೆಯಾಯಿತು. ಆ ಪ್ರಕರಣದಲ್ಲಿ ದೈವಶಾಸ್ತ್ರಜ್ಞರು ಎಡವಿದ್ದನ್ನು ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1992ರ ಅಕ್ಟೋಬರ್ 31ರಂದು ಬಹಿರಂಗವಾಗಿ ಒಪ್ಪಿಕೊಂಡರು.

ಇಪ್ಪತ್ತನೆಯ ಶತಮಾನದ ದೈವಶಾಸ್ತ್ರಜ್ಞರಲ್ಲಿ ಇಬ್ಬರು ಈ ಸವಾಲನ್ನು ನೇರವಾಗಿ ಎದುರಿಸಿದರು. ಜಾನ್ ಹಿಕ್ 1960ರಲ್ಲಿ, ಒಂದೇ ದಾರಿಯಲ್ಲಿ ನಡೆಯುವ ಇಬ್ಬರು ಪಯಣಿಗರ ದೃಷ್ಟಾಂತವನ್ನು ಮುಂದಿಟ್ಟರು. ದಾರಿ ಸ್ವರ್ಗನಗರಿಗೆ ಹೋಗುತ್ತದೆ ಎನ್ನುವವನು ಸರಿಯೋ ಅಲ್ಲವೋ ಎಂಬುದು ಕೊನೆಯ ತಿರುವಿನಲ್ಲಿ ತಿಳಿದೇ ತಿಳಿಯುತ್ತದೆ. ಆದುದರಿಂದ ಅವನ ಮಾತು ಪೊಳ್ಳಲ್ಲ. ಲೂಥರನ್ ದೈವಶಾಸ್ತ್ರಜ್ಞ ಪಾನೆನ್‌ಬೆರ್ಗ್ 1973ರ ತಮ್ಮ ಗ್ರಂಥದಲ್ಲಿ, ದೈವಶಾಸ್ತ್ರದ ಪ್ರತಿಪಾದನೆಗಳು ಚರಿತ್ರೆಯ ಮತ್ತು ಅನುಭವದ ಎದುರಿನಲ್ಲಿ ತಮ್ಮನ್ನು ಸಮರ್ಥಿಸಿಕೊಳ್ಳಬೇಕಾದ ಊಹೆಗಳೆಂದು ವಾದಿಸಿದರು.

ಇಲ್ಲಿ ಒಂದು ವಿವೇಚನೆ ಅಗತ್ಯ. ವಿಶ್ವಾಸದ ಕ್ರಿಯೆ ಊಹೆಯಲ್ಲ. ವಿಶ್ವಾಸಿಯ ಒಪ್ಪಿಗೆ ವಾಕ್ಯದಲ್ಲಿ ಕೊನೆಗೊಳ್ಳುವುದಿಲ್ಲ, ವಾಕ್ಯ ಸೂಚಿಸುವ ವಾಸ್ತವದಲ್ಲಿ ನೆಲೆಗೊಳ್ಳುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದ್ದಾರೆ. ಪತಿಪತ್ನಿಯರು ಪರಸ್ಪರರನ್ನು ಪ್ರಯೋಗಾಲಯದ ಊಹೆಯಂತೆ ಹಿಡಿದುಕೊಳ್ಳುವುದಿಲ್ಲ. ಹಾಗೆಂದು ಅವರ ನಂಬಿಕೆ ದ್ರೋಹದಿಂದ ಗಾಯಗೊಳ್ಳಲಾರದ್ದೂ ಅಲ್ಲ. ನಾವು ಪ್ರಭುವಿನಲ್ಲಿ ಇಟ್ಟ ಭರವಸೆ ಒಂದು. ಆ ಭರವಸೆಯ ಹೆಸರಿನಲ್ಲಿ ಲೋಕದ ಘಟನೆಗಳಿಗೆ ನಾವು ಕೊಡುವ ವಿವರಣೆಗಳು ಇನ್ನೊಂದು. ಎರಡನೆಯದನ್ನು ಮೊದಲನೆಯದರ ಮೇ

ಲಂಗಿಯೊಳಗೆ ಅಡಗಿಸಿ ಪರೀಕ್ಷೆಯಿಂದ ಪಾರುಮಾಡುವುದೇ ನಮ್ಮ ಅಪರಾಧ.

ಸಾವಿನ ಮನೆಯಲ್ಲಿ ನಮ್ಮ ಮಾತು

ಗುರುದೀಕ್ಷೆಯ ಮೊದಲ ವರ್ಷಗಳಲ್ಲಿ, ಧರ್ಮಕೇಂದ್ರವೊಂದರಲ್ಲಿ ಸಹಾಯಕ ಗುರುವಾಗಿದ್ದಾಗ, ಕಾಯಿಲೆಯ ಮಗುವೊಂದರ ಮನೆಗೆ ನಾವು ಹಲವು ಸಲ ಹೋಗುತ್ತಿದ್ದೆವು. ವಿಶ್ವಾಸದಿಂದ ಪ್ರಾರ್ಥಿಸಿದರೆ ಗುಣವಾಗುವುದು ಎಂದು ಮೊದಲು ಹೇಳಿದೆವು. ಕಾಯಿಲೆ ಏರಿದಾಗ, ದೇವರು ನಿಮ್ಮ ವಿಶ್ವಾಸವನ್ನು ಪರೀಕ್ಷಿಸುತ್ತಿದ್ದಾರೆ ಎಂದೆವು. ಮಗು ತೀರಿಕೊಂಡಾಗ, ದೇವರು ತಾವು ಹೆಚ್ಚು ಪ್ರೀತಿಸುವವರನ್ನು ಬೇಗ ಕರೆದುಕೊಳ್ಳುತ್ತಾರೆ ಎಂದೆವು. ಆ ತಂದೆ ಮೂರನ್ನೂ ತಲೆಬಾಗಿಸಿ ಕೇಳಿದರು. ಶವಸಂಸ್ಕಾರ ಮುಗಿದ ಮೇಲೆ ಒಂದೇ ಮಾತು ಹೇಳಿದರು: “ಸ್ವಾಮಿ, ಮಗು ಉಳಿದಿದ್ದರೂ ನಿಮ್ಮ ಹತ್ತಿರ ಒಂದು ಮಾತು ಇರುತ್ತಿತ್ತು, ಅಲ್ಲವೇ?” ಅದರಲ್ಲಿ ಕೋಪವಿರಲಿಲ್ಲ. ಫ್ಲೂ ಅವರ ಪ್ರಬಂಧವನ್ನು ಅದಕ್ಕೆ ಮುಂಚೆ ನಾವು ಪರೀಕ್ಷೆಗಾಗಿ ಓದಿದ್ದೆವು. ಅಂದು ಅದು ನಮಗೆ ಅರ್ಥವಾಯಿತು. ನಾವು ಯೋಬನ ಗೆಳೆಯರ ಸಾಲಿನಲ್ಲಿ ಕುಳಿತಿದ್ದೆವು.

ಆ ತಂದೆಗೆ ನಾವು ಹೇಳಬಹುದಾಗಿದ್ದು ಏನು? ಮಗುವಿನ ಸಾವು ಏಕೆಂದು ನಮಗೆ ತಿಳಿಯದು. ಅದು ದೇವರ ಪ್ರೀತಿಗೆ ಎದುರಾಗಿ ನಿಲ್ಲುವಂಥ ಸಂಗತಿಯೇ ಹೌದು. ಆದರೂ ಶಿಲುಬೆಯ ಮೇಲೆ ತಂದೆಯನ್ನು ಕೂಗಿ ಕರೆದವರನ್ನು ಆ ತಂದೆ ಮರಣದಿಂದ ಎಬ್ಬಿಸಿದರೆಂದು ಸಾಕ್ಷಿಗಳು ಹೇಳಿದ್ದನ್ನು ನಾವು ನಂಬಿದ್ದೇವೆ. ಅದು ಸುಳ್ಳಾಗಿದ್ದರೆ ನಮ್ಮ ಬಳಿ ನಿಮಗೆ ಕೊಡಲು ಬೇರೇನೂ ಇಲ್ಲ. ಇಷ್ಟು ಹೇಳಿ ಅವರ ಪಕ್ಕದಲ್ಲಿ ಕುಳಿತಿದ್ದರೆ ಸಾಕಿತ್ತು. ಇದು ಬಡ ಮಾತು. ಆದರೆ ಇದಕ್ಕೆ ಒಂದು ಕೇಂದ್ರವಿದೆ. ಅದು ಮುರಿಯಬಹುದಾದ ಜಾಗ ಯಾವುದೆಂದು ಹೇಳುವವನಿಗೂ ಕೇಳುವವನಿಗೂ ಗೊತ್ತಿದೆ.

ಖಂಡನಸಾಧ್ಯತೆಯ ಚರಿತ್ರೆ ನಮಗೆ ಕಲಿಸುವುದು ಇದನ್ನೇ. ಬಿಡಿ ಘಟನೆಯೊಂದಕ್ಕೆ ಬೆದರಿ ಸಿದ್ಧಾಂತವನ್ನು ಎಸೆಯದಿರುವುದು ಅವಿವೇಕವಲ್ಲ. ವಿಜ್ಞಾನಿಗಳೂ ಹಾಗೆ ಮಾಡುತ್ತಾರೆ. ಆದರೆ ಎದುರುಸಾಕ್ಷಿಯನ್ನು ಎದುರುಸಾಕ್ಷಿಯೆಂದು ಕರೆಯದಿರುವುದು, ಪ್ರತಿಯೊಂದು ಸೋಲನ್ನೂ ಗೆಲುವೆಂದು ಎಣಿಸುವುದು, ತೀರಿಕೊಂಡ ಮಗುವನ್ನೂ ನಮ್ಮ ವಾದದ ಲೆಕ್ಕಕ್ಕೆ ಸೇರಿಸುವುದು ವಿಶ್ವಾಸವಲ್ಲ. ಗುರುಮಠದಿಂದ ಹೊರಡುವ ನಮ್ಮ ವಿದ್ಯಾರ್ಥಿಗಳು ಪ್ರತಿ ಭಾನುವಾರ ಪ್ರಬೋಧನಾ ಪೀಠವನ್ನು ಏರುವ ಮುನ್ನ ತಮ್ಮನ್ನು ತಾವೇ ಕೇಳಿಕೊಳ್ಳಲಿ: ನಾವು ಇಂದು ಹೇಳಲಿರುವ ಮಾತು ಏನೇ ನಡೆದರೂ ಹೇಳಬಹುದಾದ ಮಾತೇ? ಹೌದಾದರೆ ಅದನ್ನು ಪಕ್ಕಕ್ಕಿಟ್ಟು, ಪೌಲರು ಪಣವೊಡ್ಡಿದ ಆ ಒಂದೇ ಮಾತಿಗೆ ಹಿಂದಿರುಗಲಿ.